ಎಡಕ್ಕೆ ತಿರುಗುವ ಸೂಚನೆ

ಗಂಡನನ್ನು ಮಣ್ಣು ಮಾಡಿ, ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಹಳೇಬೀಡಿನ ಮನೆಯಲ್ಲಿ ಎಂದಿನಂತೆ ಹಾಲು ಕಾಯಿಸಿದೆ.

ರುದ್ರೇಶ್ ಪೈಲಟ್ ಆಗಿದ್ದರು. ವಿಮಾನ ನಿಲ್ದಾಣದ ಟವರ್‌ನವರು ಕೊಡುವ ಸೂಚನೆಯನ್ನು ಪೈಲಟ್ ಹಾಗೆಯೇ ತಿರುಗಿ ಹೇಳಬೇಕು. ಸರಿಯಿದ್ದರೆ ಟವರ್‌ನವರು ‘ಕರೆಕ್ಟ್’ ಅನ್ನುತ್ತಾರೆ. ವಿಮಾನ ಬಿದ್ದ ಆ ಕೊನೆಯ ದಿನ ಟವರ್‌ನವರು ಎಷ್ಟು ಕರೆದರೂ ರುದ್ರೇಶ್ ಉತ್ತರಿಸಲಿಲ್ಲ, ತಪ್ಪು ಅವರದೇ ಎಂದು ಅಧಿಕಾರಿಗಳು ಹೇಳಿದ್ದರು. ನಾನು ನಂಬಿರಲಿಲ್ಲ.

ವಿಮಾನಗಳ ಮಾತು ಕೇಳಲೆಂದು ಬೇಲೂರಿನ ಗೆಳೆಯ ಇಂದ್ರೇಶನಿಂದ ರುದ್ರೇಶ್ ಎರವಲು ತಂದಿದ್ದ ರೇಡಿಯೋ ಕಿಟಕಿಯಲ್ಲಿತ್ತು. ಬಿಸಿಲಲ್ಲಿದ್ದರೂ ಕೈ ಕೊರೆಯುವಷ್ಟು ತಣ್ಣಗಿತ್ತು. ಹಿಂದಿರುಗಿಸುವ ಮೊದಲು ಹಾಕಿ ನೋಡಿದೆ.

ಟವರ್‌ನ ಹೆಣ್ಣುದನಿಯೊಂದು ರುದ್ರೇಶರ ವಿಮಾನವನ್ನು ಕರೆದು, ಎಡಕ್ಕೆ ತಿರುಗುವಂತೆ ಇಂಗ್ಲಿಷಿನಲ್ಲಿ ಹೇಳಿತು. ಆಮೇಲೆ ಬರೀ ಗೊರಗೊರ.

ಅಡುಗೆಮನೆಯಿಂದ ಅತ್ತೆ ಕೂಗಿದರು. “ಏನಂದ್ಯೋ ರುದ್ರ? ಎಡಕ್ಕಾ?”

“ಕರೆಕ್ಟ್,” ಅಂದಿತು ರೇಡಿಯೋದ ಹೆಣ್ಣುದನಿ.

ಆ ಕೊನೆಯ ದಿನದ ಮಾತೆಲ್ಲ ಈ ರೇಡಿಯೋದಲ್ಲೇ ರೆಕಾರ್ಡ್ ಆಗಿದೆ, ಇಂದ್ರೇಶನಿಗೆ ಅದು ಗೊತ್ತಿರಬೇಕು ಅನ್ನಿಸಿತು. ರೇಡಿಯೋ ಹಿಡಿದು ಆಗಲೇ ಬಸ್ ಹತ್ತಿ ಬೇಲೂರಿಗೆ ಹೋಗಿ, ಆ ಹೆಣ್ಣುದನಿಯ ವಿಷಯ ಹೇಳಿ ಅವನನ್ನೇ ಕೇಳಿದೆ.

“ಇದ್ರಲ್ಲಿ ರೆಕಾರ್ಡ್ ಆಗಲ್ಲ ಅತ್ಗೆ. ಟವರ್ ದೂರ, ಅದ್ರ ಮಾತು ನಮ್ಮ ಕಡೆ ಸಿಗೋದೇ ಇಲ್ಲ. ಮೇಲೆ ಹೋಗೋ ಪೈಲಟ್‌ಗಳ್ದು ಮಾತ್ರ ಸಿಗೋದು. ಅದಕ್ಕೇ ರುದ್ರ ‘ಅರ್ಧ ಜಗಳ ಕೇಳ್ಸೋ ರೇಡಿಯೋ ಕೊಟ್ಟಿದೀಯ ಕಣೋ’ ಅಂತ ಬೈಯೋನು.”

“ಅತ್ತೇನೂ ಕೇಳಿಸ್ಕೊಂಡ್ರು. ‘ಏನಂದ್ಯೋ ರುದ್ರ, ಎಡಕ್ಕಾ’ ಅಂದ್ರು.”

ಅವನು ನನ್ನ ಮುಖ ನೋಡಲಿಲ್ಲ. “ಏನೋ ಅಪ್ಪಿತಪ್ಪಿ ಸಿಕ್ಕಿರ್ಬೇಕು. ಆ ಹೆಂಗಸಿನ ಮಾತು ಕೇಳಿ ಅವ್ರೂ ಎಡಕ್ಕೆ ಅಂದಿರ್ತಾರೆ, ಬಿಡಿ.”

ರೇಡಿಯೋವನ್ನು ಅವನ ಮೇಜಿನ ಮೇಲಿಟ್ಟು ಹೊರಗೆ ಬಂದೆ.

ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ.