ಹತ್ತಕ್ಕೆ ಹತ್ತು

ಅಶೋಕ ಚಕ್ರವರ್ತಿಯ ಹೆಸರನ್ನು ಬಂಡೆಯ ಮೇಲೆ ಕೆತ್ತಿದ ಊರು ಮಸ್ಕಿ. ಅಂಥ ಊರಿನಲ್ಲಿ ಕೂತು, ಒಬ್ಬಳೇ ಒಬ್ಬ ಹುಡುಗಿಯ ಹೆಸರನ್ನು ಬಾಯಿಬಿಟ್ಟು ಕರೆಯಲಾಗದೆ ಎಂಟು ತಿಂಗಳು ಒದ್ದಾಡಿದ ಮಹಾನುಭಾವ ಮುಜಾಹಿದ್. ಹಾಗೆಂದು ಸಾಮಾನ್ಯನೆಂದು ತಿಳಿಯಬೇಡಿ. ಇಂಗ್ಲಿಷಿನಲ್ಲಿ ಅವನ ಎದುರು ನಿಲ್ಲುವವರು ಕೃಷ್ಣೆಯಿಂದ ತುಂಗಭದ್ರೆಯವರೆಗೆ ಹುಟ್ಟಿರಲಿಲ್ಲ. ಲಂಡನ್ನಿನವರಿಗೆ ತಮ್ಮ ಭಾಷೆಯ ಬಗ್ಗೆ ಅನುಮಾನ ಬಂದರೂ ಮಸ್ಕಿ ಬಸ್ಸನ್ನೇ ಹತ್ತಬೇಕಿತ್ತು. ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ, ಶಿಕ್ಷಕರ ಪರೀಕ್ಷೆ ಕಟ್ಟುವವರಿಗೆ ಅವನು ಭಾನುವಾರದ ಕೋಚಿಂಗ್ ನಡೆಸುತ್ತಿದ್ದ. ನಲವತ್ತು ಜನ ಬರುತ್ತಿದ್ದರು. ಅವನ ಪಾಲಿಗೆ ಬರುತ್ತಿದ್ದವಳು ಒಬ್ಬಳೇ.

ಗೌಸಿಯಾ. ಗೊರೇಬಾಳದವಳು, ಸಿಂಧನೂರಿನ ಖಾಸಗಿ ಶಾಲೆಯೊಂದರಲ್ಲಿ ಟೀಚರು. ಎರಡನೇ ಬೆಂಚಿನ ತುದಿಯಿಂದ ಅವಳು ಕಣ್ಣೆತ್ತಿದಳೆಂದರೆ ಮುಜಾಹಿದನ ಕೈಯ ಚಾಕ್‌ಪೀಸು ಎರಡು ತುಂಡು. ಆ ವರ್ಷ ಮಸ್ಕಿಯ ಅಂಗಡಿಗಳಲ್ಲಿ ಚಾಕ್‌ಪೀಸು ಸಿಗದೇ ಹೋದದ್ದು ಇದೇ ಕಾರಣಕ್ಕೆ.

ಆ ಭಾನುವಾರದ ಪಾಠ ಕಂಡೀಷನಲ್ ಪ್ಯಾಸಿವ್. ಬೋರ್ಡಿನ ಮೇಲೆ ಬರೆದು ಗಟ್ಟಿಯಾಗಿ ಓದಿದ.

“ಇಫ್ ದ ಗೇಟ್ ವರ್ ಓಪನ್ಡ್, ದ ಫೀಲ್ಡ್ಸ್ ವುಡ್ ಬಿ ವಾಟರ್ಡ್. ಕಾಲುವೆ ಗೇಟು ತೆರೆಯಲ್ಪಟ್ಟರೆ, ಗದ್ದೆಗಳಿಗೆ ನೀರು ಹರಿಸಲ್ಪಡುವುದು.”

“ಸರ್,” ಎರಡನೇ ಬೆಂಚಿನ ತುದಿ ಎದ್ದು ನಿಂತಿತು. “ಗೇಟ್ ತೆಗಿಯೋರು ಯಾರ್ರಿ?”

“ಹೇಳಂಗಿಲ್ಲ. ಅದಕ್ಕ ಪ್ಯಾಸಿವ್.”

“ತೆಗದ್ರೋ, ಇಲ್ಲೋ?”

“ಅದೂ ಹೇಳಂಗಿಲ್ಲ. ಅದಕ್ಕ ಕಂಡೀಷನಲ್.”

“ಹಂಗಾರ ನಮ್ಮ ಭತ್ತ ಒಣಗಿ ಹೋತು ತಗೋರಿ.”

ಕೋಣೆಯೆಲ್ಲ ನಕ್ಕಿತು. ಮುಜಾಹಿದ್ ಇನ್ನೊಂದು ಚಾಕ್‌ಪೀಸು ಮುರಿದ.

“ಮಾಡೋರು ಯಾರಂತ ಗೊತ್ತಿಲ್ಲ, ಇಲ್ಲಾ ಹೆಸರು ಹೇಳಿದ್ರ ಅವರಿಗೆ ಸಿಟ್ಟು ಬರ್ತೈತಿ ಅನ್ನೋ ಕಡೆ ಇದನ್ನ ಬಳಸ್ತಾರ. ಆಫೀಸಿನ ಕಾಗದದಾಗ ಬರೇ ಇದೇ ಇರ್ತೈತಿ. ಅರ್ಜಿ ಬಂದರೆ ಪರಿಶೀಲಿಸಲಾಗುವುದು ಅಂತಾರಲ್ಲ, ಹಂಗ. ಆದ್ರ ಒಂದು ನೆನಪಿಡ್ರಿ. ‘ವುಡ್ ಬಿ’ ಅಂದ್ರ ಇನ್ನಾ ಆಸೆ ಐತಿ. ‘ವುಡ್ ಹ್ಯಾವ್ ಬೀನ್’ ಅಂದ್ರ ಕಾಲ ಮೀರೇತಿ. ಎಲ್ಲಾರೂ ಕಾಲ ಮೀರಿದ್ದರ ಮ್ಯಾಲೆ ಒಂದೊಂದು ವಾಕ್ಯ ಬರ್ಕೊಂಡು ಬರ್ರಿ.”

ಮುಂದಿನ ವಾರ ಗೌಸಿಯಾ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟು, ಹೋಗದೆ ಅಲ್ಲೇ ನಿಂತಳು. ವಾಕ್ಯ ಹೀಗಿತ್ತು: “ಇಫ್ ಅ ರಿಪ್ಲೈ ಹ್ಯಾಡ್ ಬೀನ್ ಸೆಂಟ್, ದ ಲಿಂಗಸುಗೂರ್ ಫ್ಯಾಮಿಲಿ ವುಡ್ ನಾಟ್ ಹ್ಯಾವ್ ಬೀನ್ ಇನ್ವೈಟೆಡ್.” ಉತ್ತರ ಕಳಿಸಲಾಗಿದ್ದರೆ, ಲಿಂಗಸುಗೂರಿನ ಮನೆಯವರನ್ನು ಕರೆಯಲಾಗುತ್ತಿರಲಿಲ್ಲ.

ಕುರುಡನಿಗೂ ತಿಳಿಯುವ ಮಾತು. ಆದರೆ ಪಂಡಿತರ ಕಣ್ಣು ಬೇರೆ. ಮುಜಾಹಿದ್ ‘ಹ್ಯಾಡ್ ಬೀನ್’ ನೋಡಿದ, ‘ನಾಟ್’ ಎಲ್ಲಿದೆ ನೋಡಿದ, ಕೊನೆಯ ಚುಕ್ಕೆಯನ್ನೂ ನೋಡಿದ. ಮೊಣಕೈಯಷ್ಟುದ್ದದ ಕೆಂಪು ಟಿಕ್ ಎಳೆದ.

“ಹತ್ತಕ್ಕ ಹತ್ತು! ಒಂದೂ ತಪ್ಪಿಲ್ಲ!”

“ಒಂದೂ ಇಲ್ಲೇನ್ರಿ ಸರ್?”

“ಹುಡುಕಿದ್ರೂ ಇಲ್ಲ.”

ಅವಳ ಕಣ್ಣು ಅವನ ಮುಖದ ಮೇಲೆ ಒಂದು ಗಳಿಗೆ ನಿಂತಿತು. ಮೊದಲು ಆಸೆಯಿತ್ತು, ಆಮೇಲೆ ಸಿಟ್ಟು, ಕೊನೆಗೆ ಬರೀ ನೀರು. “ಹಂಗಾರ ಮುಗೀತು ಬಿಡ್ರಿ,” ಎಂದು ನೋಟ್‌ಬುಕ್ ಎತ್ತಿಕೊಂಡು ಮೆಟ್ಟಿಲಿಳಿದಳು.

ಮರುವಾರ ಬೆಂಚಿನ ತುದಿ ಖಾಲಿ. ಹಾಜರಿ ಹಾಕುವಾಗ ಅವಳ ಹೆಸರಿನ ಹತ್ತಿರ ಮುಜಾಹಿದ್ ಎಷ್ಟು ಹೊತ್ತು ನಿಂತನೆಂದರೆ, ಹಿಂದಿನ ಸಾಲಿನವರು ಊಟದ ಡಬ್ಬಿ ಬಿಚ್ಚಿದರು. ಕೊನೆಗೆ ಅವಳ ಪಕ್ಕ ಕೂರುತ್ತಿದ್ದ ಸುರೇಖಾ ತಡೆಯದೆ ಹೇಳಿದಳು.

“ಅಕಿನ್ನ ನೋಡಾಕ ಇವತ್ತು ಮಧ್ಯಾಹ್ನ ಲಿಂಗಸುಗೂರಿಂದ ಬರಾಕತ್ಯಾರ್ರಿ ಸರ್. ಮೂರು ಜೆಸಿಬಿ ಅದಾವಂತ ಹುಡುಗಗ.”

ಆಗ ಬಿತ್ತು ನೋಡಿ ಸಿಡಿಲು. ಉತ್ತರ! ಯಾವುದಕ್ಕೆ ಉತ್ತರ? ಹೆಣ್ಣಿನ ಮನೆಯ ಮಾತು ಹುಡುಗನ ಹತ್ತಿರ ಬರುವುದಿಲ್ಲ, ಅವನ ತಾಯಿಯ ಹತ್ತಿರ ಬರುತ್ತದೆ. ಮುಜಾಹಿದ್ ಬೈಕ್ ಹತ್ತಿದ. ಮಸ್ಕಿಯಿಂದ ಸಿಂಧನೂರಿನ ತನ್ನ ಮನೆಗೆ ಹನ್ನೊಂದೇ ನಿಮಿಷ. ದಾರಿಯಲ್ಲಿ ಎರಡು ಬಸ್ಸುಗಳು ಹೆದರಿ ಪಕ್ಕಕ್ಕೆ ನಿಂತವು.

ಅಡುಗೆಮನೆಯಲ್ಲಿ ಅವನ ತಾಯಿ ಸುಭಾನಬಿ ರೊಟ್ಟಿ ಬಡಿಯುತ್ತಿದ್ದಳು.

“ಅಮ್ಮೀ, ಗೊರೇಬಾಳದಿಂದ ಏನಾರ ಮಾತು ಬಂದಿತ್ತೇನು?”

“ಬಂದಿತ್ತು.” ಕೈ ನಿಲ್ಲಲಿಲ್ಲ. “ಬಳಿ ಮಾರೋ ಗ್ಯಾನಮ್ಮ ತಂದಿದ್ಲು. ನಾವು ಹುಡುಗೀನ್ನ ಕೇಳಿದ್ರ ಇಲ್ಲ ಅನ್ನಂಗಿಲ್ಲಂತ. ಐದು ವಾರ ಆತು.”

“ಐದು ವಾರ! ನೀ ಏನಂದಿ?”

“ಏನೂ ಅಂದಿಲ್ಲ. ನಿಮ್ಮ ಮಾಮು ಬರ್ಲಿ ಅಂತ ಕುಂತೀನಿ. ಹಿರೇರು ಹೋಗಿ ಕೇಳಬೇಕಲ್ಲ?”

ಮಾಮು ಅಂದರೆ ಸುಭಾನಬಿಯ ಅಣ್ಣ ದಾವಲ್‌ಸಾಬ್. ಭತ್ತ ಕೊಯ್ಯುವ ಮಷಿನ್ ಓಡಿಸುತ್ತಿದ್ದ. ಕೊಯ್ಲು ಶುರುವಾಯಿತೆಂದರೆ ಗದ್ದೆಯಿಂದ ಗದ್ದೆಗೆ ಹೋಗುವುದೇ ಹೊರತು ಮನೆಯ ಕಡೆ ಮುಖ ಹಾಕುತ್ತಿರಲಿಲ್ಲ.

“ಒಂದು ಫೋನ್ ಮಾಡಾಕ ಏನಾಗಿತ್ತು?”

“ಇಂಥ ಮಾತು ಫೋನಿನಾಗ ಹೇಳ್ತಾರೇನಲೇ? ಇದೇನು ಭತ್ತದ ರೇಟಾ?”

“ನಂಗಾರ ಹೇಳಬಾರದಾ?”

“ಹಿರೇರಿಗಿಂತ ಮೊದ್ಲು ಹುಡುಗಗ ಹೇಳಿದ್ರ ಮನಿ ಮರ್ಯಾದಿ ಏನಾತು?”

ಮುಜಾಹಿದ್ ಬೈಕಿನ ಕೀಲಿ ಮತ್ತೆ ಕೈಗೆತ್ತಿಕೊಂಡ. “ಮಾಮು ಈಗ ಯಾವ ಊರಾಗ ಅದಾನ?”

“ಗೊರೇಬಾಳದಾಗ.”

ಹನ್ನೆರಡು ದಿನದಿಂದ ಅಲ್ಲೇ ಇದ್ದ. ತಾಯಿಯನ್ನು ಹಿಂದೆ ಕೂರಿಸಿಕೊಂಡು ಮುಜಾಹಿದ್ ಗದ್ದೆ ತಲುಪಿದಾಗ ಮಷಿನ್ನು ಗುಡುಗುತ್ತಿತ್ತು. “ಇನ್ನಾ ಅರ್ಧ ಎಕರೆ ಐತಿ, ತಡೀರಿ!” ಎಂದು ದಾವಲ್‌ಸಾಬ್ ಮೇಲಿಂದ ಕೂಗಿದ. ಸುಭಾನಬಿ ಸೆರಗು ಸಿಕ್ಕಿಸಿಕೊಂಡು ಮಷಿನ್ನಿನ ಮುಂದೆ ನಿಂತಳು. “ಮೊದ್ಲು ನನ್ನ ಕೊಯ್ದು ಆಮ್ಯಾಲೆ ಮುಂದ ಹೋಗು!”

ಮಷಿನ್ನು ನಿಂತಿತು. ವಿಷಯ ಕೇಳಿ ದಾವಲ್‌ಸಾಬ್ ತಲೆಯ ಮೇಲೆ ಕೈ ಹೊತ್ತ.

“ಯಾ ಅಲ್ಲಾ! ಅಲ್ಲಿ ಕಾಣ್ತೈತಲ್ಲ, ಅದೇ ಮನಿ! ದಿನಾ ನಂಗ ಚಾ ಕಳಿಸ್ತಾರ. ಆ ಹುಡುಗಿ ಅಬ್ಬಾ ದಿನಾ ಬಂದು, ಏನಾರ ಸುದ್ದಿ ಐತೇನ್ರಿ ಅಂತ ಕೇಳ್ತಾನ. ನಾನು ಎಕರೆಗೆ ನಲವತ್ತು ಚೀಲ ಅಂತ ಹೇಳಿ ಕಳಿಸ್ತೀನಿ!”

ಮುಖ ತೊಳೆಯಲೂ ಪುರುಸೊತ್ತಿಲ್ಲ. ಕಿವಿ, ಮೀಸೆ, ರೆಪ್ಪೆಗಳಲ್ಲೆಲ್ಲ ಭತ್ತದ ಧೂಳು ತುಂಬಿಕೊಂಡು ದಾವಲ್‌ಸಾಬ್ ಆ ಮನೆಯ ಚಾಪೆಯ ಮೇಲೆ ಕೂತ. “ನಿಮ್ಮ ಗೌಸಿಯಾನ್ನ ನಮ್ಮ ಮುಜಾಹಿದ್‌ಗ ಕೇಳಾಕ ಬಂದೀವ್ರಿ,” ಎಂದ.

ಗೌಸಿಯಾಳ ಅಬ್ಬಾ ಚಾಪೆಯ ತುದಿ ಸರಿಮಾಡಿದ. “ಐದು ವಾರ ಆತಲ್ರಿ. ನೀವು ಒಲ್ಲೆ ಅಂದ್ರಿ ಅಂತ ತಿಳ್ಕಂಡ್ವಿ. ಹುಡುಗಿ ಅನ್ನ ಬಿಟ್ಟಿತ್ತು. ಈಗ ಲಿಂಗಸುಗೂರಿನೋರು ಹೊಂಡೋ ಹೊತ್ತು.” ಆಮೇಲೆ ಒಳಗಿನ ಬಾಗಿಲ ಕಡೆ ನೋಡಿದ. “ಅಕಿನ್ನೇ ಕೇಳೋಣು.”

ಮುಜಾಹಿದನಿಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಯ ಹತ್ತಿರ ನಿಂತ. ಹಿಂದೆಯೇ ಬಳೆಯ ಸದ್ದು. ಗೌಸಿಯಾ ಚೊಂಬು ಹಿಡಿದು ನಿಂತಿದ್ದಳು. ಓಢಣಿಯ ಅಂಚು ಹಲ್ಲಲ್ಲಿ, ನಗು ಇನ್ನೂ ಅದರ ಹಿಂದೆ.

“ಮಾಸ್ತರ್ರಿಗೆ ತಪ್ಪು ಈಗ ಸಿಕ್ತೇನ್ರಿ?”

“ನಂಗ ಯಾರೂ ಹೇಳಿರ್ಲಿಲ್ಲ, ಗೌಸಿಯಾ.” ಎಂಟು ತಿಂಗಳ ಹೆಸರು ಬಾಯಿಗೆ ಬಂತು. ಬಂದದ್ದು ಅವನಿಗೇ ತಿಳಿಯಲಿಲ್ಲ; ಅವಳಿಗೆ ತಿಳಿಯಿತು.

“ಹೇಳಿದ್ರ ಏನ್ ಮಾಡ್ತಿದ್ರಿ?”

“ಆ ಮಷಿನ್ ನಾನೇ ಓಡಿಸ್ಕೊಂಡು ನಿಮ್ಮ ಅಂಗಳಕ್ಕ ಬರ್ತಿದ್ದೆ.”

“ಗೋಡಿ ಬೀಳ್ತಿತ್ತು.”

“ಬೀಳ್ಲಿ. ಕಟ್ಟಿಸಿ ಕೊಡ್ತಿದ್ದೆ.”

ನಗು ಓಢಣಿ ದಾಟಿ ಹೊರಬಂತು. ಮತ್ತೆ ತಡೆದು ಮುಖ ಬಿಗಿ ಮಾಡಿಕೊಂಡಳು. “ಮಾಮು ಕೇಳಿದ್ದು ಅಬ್ಬಾಗ. ನನ್ನ ಯಾರೂ ಕೇಳಿಲ್ಲ.”

ಮುಜಾಹಿದ್‌ಗೆ ಕಲಿತ ಇಂಗ್ಲಿಷೆಲ್ಲ ಮರೆತುಹೋಯಿತು. “ಭಾನುವಾರ ನೀ ಬರ್ತಿ ಅಂತ ನಾನು ಶನಿವಾರನೇ ಅಂಗಿ ಇಸ್ತ್ರಿ ಮಾಡಿ ಇಡ್ತಿದ್ದೆ. ಇವತ್ತು ನೀ ಬರ್ಲಿಲ್ಲ, ನಂಗ ಬೋರ್ಡೇ ಕಾಣ್ಲಿಲ್ಲ. ನನ್ನ ಮದಿವಿ ಆಗ್ತಿಯೇನು?”

ಅವಳು ಚೊಂಬನ್ನು ಅವನ ಕೈಗಿಟ್ಟಳು. ಬೆರಳು ಬೆರಳಿಗೆ ತಾಗಿತು. “ಹೂಂ,” ಎಂದಳು, ಇರುವೆಗೂ ಕೇಳದಷ್ಟು ಮೆಲ್ಲಗೆ.

“ಹೂಂ ಅಂದ್ಲು!” ಬಾಗಿಲ ಹಿಂದಿದ್ದ ಅಜ್ಜಿ ಕಿರುಚಿದಳು. ಆ ಸದ್ದಿಗೆ ದೂರದ ಪಾಮನಕಲ್ಲೂರಿನ ಕಾಗೆಗಳೂ ಹಾರಿರಬೇಕು.

ಅಬ್ಬಾ ಲಿಂಗಸುಗೂರಿಗೆ ಫೋನ್ ಹಚ್ಚಿದ. ಹುಡುಗ ಇನ್ನೂ ಕಟಿಂಗ್ ಅಂಗಡಿಯಲ್ಲೇ ಇದ್ದನಂತೆ. “ದೇವರಿಟ್ಟಂಗ ಆಗ್ಲಿ ಬಿಡ್ರಿ,” ಎಂದು ಆ ಕಡೆಯವರು ಒಳ್ಳೆಯ ಮಾತಾಡಿ ಇಟ್ಟರು. ಅಬ್ಬಾ ಬಿಟ್ಟ ಉಸಿರಿಗೆ ಗೋಡೆಯ ಕ್ಯಾಲೆಂಡರು ಎರಡು ತಿಂಗಳು ಮುಂದಕ್ಕೆ ಮಗುಚಿತು. ಸುಭಾನಬಿ ಅಜ್ಜಿಯ ಕೈ ಹಿಡಿದು ಅಳುತ್ತ ನಕ್ಕಳು.

ಬರುವವರಿಗೆಂದು ಮಾಡಿದ್ದ ಊಟವನ್ನು ಇವರಿಗೇ ಬಡಿಸಿದರು. ಮುಜಾಹಿದ್ ಎಂಟು ತಿಂಗಳ ಹಸಿವನ್ನೆಲ್ಲ ಒಂದೇ ತಟ್ಟೆಯಲ್ಲಿ ತೀರಿಸಿಕೊಳ್ಳುತ್ತಿದ್ದ. ಗೌಸಿಯಾ ಬಡಿಸಲು ಬಗ್ಗಿ, ಅವನಿಗಷ್ಟೇ ಕೇಳುವಂತೆ ಹೇಳಿದಳು.

“ಪರೀಕ್ಷೆ ಪಾಸಾಗೋ ತನಕ ನಿಕಾಹ್ ಇಲ್ಲ ಮತ್ತ.”

“ಫೇಲಾದ್ರ?”

“ಕಲ್ಸಿದ ಮಾಸ್ತರನ್ನ ಬದಲು ಮಾಡ್ತೀನಿ.”

ಅವನಿಗೆ ನೆತ್ತಿಗೇರಿತು. ಅವಳು ನೀರು ಕೊಟ್ಟಳು. ದಾವಲ್‌ಸಾಬ್ ಅಳಿಯನ ಬೆನ್ನಿಗೆ ಗುದ್ದಲು ತೋಳೆತ್ತಿದ. ಎತ್ತಿದ್ದೇ ತಡ, ತೋಳಿನಿಂದ ಎದ್ದ ಧೂಳಿಗೆ ಮನೆಮಂದಿಯೆಲ್ಲ ಕಣ್ಣು ಮುಚ್ಚಿಕೊಂಡು ಸೀನಿದರು. ಇಬ್ಬರು ಮಾತ್ರ ಕಣ್ಣು ಮುಚ್ಚಲಿಲ್ಲ.