ಒಳಬದಿ ಸವೆದ ಟೈರು

"ಅಂಕಲ್, ಈ ಟೈರು ನಿಮಗೆ ಬೇಡ."

ಗುರುದತ್ತ ಹಾಗಂದದ್ದೇ ತಡ, ಮಹತಿಗೆ ಮೈಯೆಲ್ಲ ಉರಿದುಹೋಯಿತು.

1994ರ ಜೂನ್, ಮೆಲ್ಬರ್ನ್‌ನಲ್ಲಿ ಚಳಿಗಾಲದ ಶುರು. ಮೂರು ವರ್ಷ ಬೆಟ್ಟದೂರಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಅವಳು ಮುಂದಿನ ವಾರ ಸಿಡ್ನಿಯ ಕೆಲಸಕ್ಕೆ ಹೊರಟಿದ್ದಳು. ಅಲ್ಲಿ ಹಿಮ ಬೀಳುವುದಿಲ್ಲ. ತನ್ನ ನಾಲ್ಕು ವಿಂಟರ್ ಟೈರುಗಳನ್ನು ಕನ್ನಡ ಸಂಘದ ವೆಂಕಟರಾಮ ಅಂಕಲ್‌ಗೆ ಮಾರುವುದೆಂದು ಮಾತಾಗಿತ್ತು. ಅವರು ಮೊಮ್ಮಕ್ಕಳಿಗೆ ಹಿಮ ತೋರಿಸಲು ಬೆಟ್ಟಕ್ಕೆ ಹೋಗುವವರಿದ್ದರು.

ಸಂಘದವರು ಒಬ್ಬರಿಗೊಬ್ಬರು ಹಳೇ ಸಾಮಾನು ಮಾರಿಕೊಳ್ಳುವಾಗ ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ನಮ್ಮವರು ಅಂದಮೇಲೆ ಮುಗಿಯಿತು. ಟೈರು ಎತ್ತಿಡಲು ಸಹಾಯಕ್ಕೆ ಬಂದಿದ್ದ ಈ ಎಂಜಿನಿಯರ್ ಮಹಾಶಯ ಮಾತ್ರ ಜೇಬಿನಿಂದ ಗೇಜು ತೆಗೆದು, ಗ್ಯಾರೇಜಿನಲ್ಲಿ ಮಂಡಿಯೂರಿ ಒಂದೊಂದು ಟೈರಿನ ಗ್ರಿಪ್ ಎಷ್ಟು ಆಳ ಉಳಿದಿದೆ ಎಂದು ಅಳೆದಿದ್ದ!

ಅಂಕಲ್ ಮುಜುಗರಪಟ್ಟು, ಆಮೇಲೆ ನೋಡೋಣಮ್ಮ ಎಂದು ಹೊರಟುಹೋದರು.

"ನಾನೇ ಎಲ್ಲಾದಕ್ಕೂ ಕಾಯಿನ್ ಹಾಕಿ ಆಳ ನೋಡಿದೀನಿ. ನಾನೇನು ಮೋಸಗಾತೀನಾ?" ಮಹತಿ ಗುರುದತ್ತನತ್ತ ತಿರುಗಿದಳು.

ಮೂರು ವರ್ಷದ ಸ್ನೇಹಕ್ಕೆ ಇಷ್ಟೇನಾ ಬೆಲೆ... ಸಿಡ್ನಿಗೆ ಹೋಗ್ತೀನಿ ಅಂದಾಗಲೂ 'ಒಳ್ಳೇದಾಯ್ತು' ಅಂದವನಲ್ಲವೇ ಇವನು! ಆ ಒಂದು ಮಾತು ಎರಡು ವಾರದಿಂದ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

"ಕಾಯಿನ್ ಎಲ್ಲಿ ಹಾಕಿದ್ರಿ? ನಡುವೆ ತಾನೆ?"

ಅವನು ಒಂದು ಟೈರನ್ನು ಎಳೆದು, ಅವಳ ಬೆರಳುಗಳನ್ನು ಹಿಡಿದು ಒಳಬದಿಯ ಅಂಚಿನ ಮೇಲೆ ಇಟ್ಟ. ನುಣ್ಣಗಿತ್ತು. ನಡುವೆ ಏಳು ಮಿಲಿಮೀಟರ್ ಆಳ, ಅಂಚಿನಲ್ಲಿ ಎರಡೂ ಇಲ್ಲ. ಹಿಮಕ್ಕೆ ನಾಲ್ಕಾದರೂ ಬೇಕು.

ಮಹತಿ ಆ ಅಂಚನ್ನು ಮತ್ತೊಮ್ಮೆ ಸವರಿ ನೋಡಿದಳು. ಇದನ್ನು ಆ ಮಕ್ಕಳು ಕೂರುವ ಕಾರಿಗೆ ಕೊಡುತ್ತಿದ್ದೆನಲ್ಲ...

"ಹೋದ ಚಳಿಗಾಲ ಪೂರ್ತಿ ಇದರ ಮೇಲೇ ಬೆಟ್ಟ ಇಳಿದಿದೀಯ ನೀನು. ಚಕ್ರ ಓರೆಯಾದ್ರೆ ಟೈರು ಒಂದೇ ಬದಿ ಸವೆಯುತ್ತೆ, ವೀಲ್ ಅಲೈನ್‌ಮೆಂಟ್ ಮಾಡಿಸು ಅಂತ ಎಷ್ಟು ಸಲ ಬಡ್ಕೊಂಡೆ?"

ಯಾವಾಗಲೂ 'ನೀವು' ಎನ್ನುತ್ತಿದ್ದವನು ಕೂಗಾಡುತ್ತಿದ್ದ. ಪ್ರತಿ ಶುಕ್ರವಾರ ಅವಳು ಬೆಟ್ಟದಿಂದ ಮೆಲ್ಬರ್ನಿನ ಮನೆಗೆ ಬಂದು ಬಾಗಿಲು ತೆರೆಯುವ ಹೊತ್ತಿಗೆ ಫೋನ್ ಬಾರಿಸುತ್ತಿದ್ದವನು ಇವನೇ. ಮುಟ್ಟಿದ್ರಾ ಎಂದು ಕೇಳಿ ಇಟ್ಟುಬಿಡುತ್ತಿದ್ದ. ಆ ಫೋನು ಯಾಕೆಂದು ಅವಳಿಗೆ ಈಗ ಅರ್ಥವಾಯಿತು.

"ಅದಕ್ಕೇನಾ ಒಳ್ಳೇದಾಯ್ತು ಅಂದಿದ್ದು?"

"ಅಲ್ಲಿ ರಸ್ತೇಲಿ ಹಿಮ ಇರಲ್ಲ ಅಂತ ಸಮಾಧಾನ ಆಯ್ತು. ನೀನಿಲ್ಲದೆ ನಾನಿಲ್ಲಿ ಏನ್ ಮಾಡ್ಲಿ ಅನ್ನೋದು ಆಮೇಲೆ ಹೊಳೀತು."

"ಹೇಳೋಕೇನು ದಾಡಿ ನಿನಗೆ?"

ಧೈರ್ಯ ಬರಲಿಲ್ಲವಂತೆ. ಸಿಡ್ನಿಯ ಚಾಟ್ಸ್‌ವುಡ್‌ನ ಒಂದು ಆಫೀಸಿಗೆ ಅರ್ಜಿ ಹಾಕಿದ್ದಾನಂತೆ, ಕೆಲಸ ಸಿಕ್ಕಮೇಲೆ ಹೇಳೋಣ ಅಂತಿದ್ದನಂತೆ. ಎಲ್ಲವನ್ನೂ ಅವನು ನೆಲ ನೋಡಿಕೊಂಡೇ ಒಪ್ಪಿಸಿದ.

ಮಹತಿ ಕಣ್ಣೊರೆಸಿಕೊಂಡಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಮೊದಲು ಅಂಕಲ್‌ಗೆ ಫೋನ್ ಮಾಡಿ ಸಾರಿ ಕೇಳ್ತೀನಿ. ಆಮೇಲೆ ನಿನ್ನ ವಿಚಾರಿಸ್ಕೋತೀನಿ."

"ಇನ್ನೂ ಬೈಯೋದಿದೆಯಾ?"

"ಇದೆ," ಎಂದು ಅವನ ಕೈ ಹಿಡಿದಳು. "ಜೀವನಪೂರ್ತಿ ಬೈಯೋಷ್ಟಿದೆ."