ಬೋಟಿನ ಮೂತಿ ಸೀಟು

"ಸೀಮಾ, ಆ ಹಳೇ ಕವರಿನ ಗಂಟ ಎಲ್ಲೈತಿ?"

ಅವ್ವ ಹೊರಗಿನ ಕಟ್ಟೆಯ ಕೆಳಗೆ ಬಗ್ಗಿ ನೋಡುತ್ತಲೇ ಕೇಳಿದಳು. ಸೀಮಾಳ ಕೈಯಲ್ಲಿದ್ದ ರೊಟ್ಟಿಯ ತುತ್ತು ಅರ್ಧಕ್ಕೇ ನಿಂತಿತು.

"ಯಾವ ಗಂಟವ್ವಾ?"

"ಬೋಟಿನ ಸೀಟಿನವು. ಬಿಚ್ಚಿ, ಕಟ್ಟಿ ಇಲ್ಲೇ ಇಟ್ಟಿದ್ನೆಲ್ಲ."

"ನಂಗೇನ ಗೊತ್ತ?" ಎಂದು ಸೀಮಾ ತುತ್ತನ್ನು ಬಾಯಿಗಿಟ್ಟುಕೊಂಡಳು.

ಅವಳಿಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

ಸೀಮಾಳ ಅವ್ವ ಅಕ್ಕುತಾಯಿಯದು ಸೀಟ್ ಕವರಿನ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಪಡಸಾಲೆಯೇ. ಟ್ರ್ಯಾಕ್ಟರಿನ ಸೀಟು, ಬೈಕಿನ ಸೀಟು, ಟಂಟಂ ಗಾಡಿಯ ಸೀಟು, ಹರಿದದ್ದೆಲ್ಲ ಅವಳ ಮಷೀನಿನ ಮುಂದೆ ಬಂದು ಕೂರುತ್ತಿತ್ತು. ಈ ಸಲ ಬಂದದ್ದು ಮಾತ್ರ ಬೋಟಿನ ಕೆಲಸ.

ಬಾಳು ಕಾಕಾ ನಡೆಸುವ ಮೋಟರ್ ಬೋಟಿಗೆ ಸೀಮಾಳ ಎರಡರಷ್ಟು ವಯಸ್ಸು. ಕೃಷ್ಣಾ ಹೊಳೆಗೆ ನೀರು ಬಂದು ಜನ ದಾಟುವ ಗಿಡ್ಡ ಒಡ್ಡು, ಬಾಂದಾರ, ಮುಳುಗಿತೆಂದರೆ, ಆಚೆ ದಂಡೆಗೆ ಹೋಗಲು ಊರಿನವರಿಗೆ ಇರುವುದು ಇದೊಂದೇ ಹತ್ತಿರದ ದಾರಿ. ಇಂಜಿನ್ ಇನ್ನೂ ಗಟ್ಟಿ. ಮೈಯೂ ಗಟ್ಟಿ. ಹಾಳಾಗಿದ್ದು ಒಳಗೆ. ತಳದ ಪ್ಲೈವುಡ್ ಚಹಾದಲ್ಲಿ ಅದ್ದಿದ ಬಿಸ್ಕಿಟಿನಂತೆ ಉಬ್ಬಿತ್ತು. ಸೀಟುಗಳು ಹರಿದು, ಒಳಗಿನ ಸ್ಪಂಜು ನಾಲಿಗೆ ಚಾಚಿದಂತೆ ಹೊರಗೆ ಬಂದಿತ್ತು. ಒಳಗೆಲ್ಲ ಸರಿಮಾಡುವ ತನಕ ಶಾಲೆಯ ಮಕ್ಕಳನ್ನು ಹತ್ತಿಸಬೇಡ ಎಂದು ಪಂಚಾಯಿತಿಯವರು ಕಾಕಾನಿಗೆ ಕಡ್ಡಿ ಮುರಿದಂತೆ ಹೇಳಿದ್ದರು.

ಬಡಿಗ್ಯಾರ ವಿಶ್ವಾಸ ಬಂದು ಹೊಸ ಹಲಗೆ ಕೂರಿಸಿ ಹೋಗಿದ್ದ. ಇನ್ನು ಉಳಿದದ್ದು ಐದು ಸೀಟು. ಸೋಮವಾರ ಶಾಲೆ ಸುರು. ಸೀಮಾ ಆರನೆಯ ತರಗತಿಗೆ ಆಚೆ ದಂಡೆಯ ಶಾಲೆಗೆ ಹೋಗುವವಳು. ಬೋಟು ಇಲ್ಲದಿದ್ದರೆ ಅವಳೂ, ಊರಿನ ಇನ್ನೂ ಹದಿಮೂರು ಮಕ್ಕಳೂ ದೊಡ್ಡ ಸೇತುವೆ ಸುತ್ತಿ, ಎರಡು ಬಸ್ಸು ಬದಲಿಸಿ ಹೋಗಬೇಕು.

ಹಳೆಯ ಕವರುಗಳನ್ನು ಅವ್ವ ಒಂದಿಡೀ ದಿನ ಕೂತು ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿದ್ದಳು. ಅವು ಹೊಳೆಯ ರಾಡಿ, ಡೀಸೆಲ್, ಮೀನು ಎಲ್ಲ ಸೇರಿ ನಾರುತ್ತಿದ್ದವು.

"ಜಗ್ಗಿ ಹರದ್ರ ಆಗಂಗಿಲ್ಲೇನವ್ವಾ? ಹೆಂಗೂ ಒಗಿಯೂದ ಐತೆಲ್ಲ?" ಎಂದು ಸೀಮಾ ಕೇಳಿದ್ದಳು.

ಹಲ್ಲಿನಲ್ಲಿ ದಾರ ಕಚ್ಚಿಕೊಂಡಿದ್ದ ಅವ್ವ "ಉಂಹೂಂ" ಎಂದಿದ್ದಳು. ಅಷ್ಟೇ. ಕೆಲಸಕ್ಕೆ ಕೂತರೆ ಅಕ್ಕುತಾಯಿಯ ಬಾಯಿಂದ ಮಾತು ಹೊರಡುವುದೇ ಅಪರೂಪ.

ನಿನ್ನೆ ಅವ್ವ ದಾರ ತರಲು ಚಿಕ್ಕೋಡಿಗೆ ಹೋದಾಗ ಆಟಕ್ಕೆ ಕರೆಯಲು ಓಣಿಯ ವಿಕ್ರಾಂತ ಬಂದಿದ್ದ. ಬಂದವನೇ ಮೂಗು ಹಿಡಿದುಕೊಂಡ.

"ಛೀ! ನಿಮ್ಮ ಮನ್ಯಾಗ ಮೀನ ಸತ್ತಾವೇನ ಸೀಮಾ?"

"ಅವು ಬೋಟಿನ ಕವರ ಲೇ."

"ನಿಮ್ಮವ್ವ ಊರ ಹೊಲಸೆಲ್ಲಾ ಕೂಡಿಸಿ ಇಡತಾಳ ನೋಡ! ನಾ ಇಲ್ಲಿ ನಿಂದ್ರಾಂವಲ್ಲಪಾ."

ಸೀಮಾಳ ಕಿವಿ ಬಿಸಿಯಾಗಿತ್ತು. ಹಿತ್ತಲಿನ ಆಚೆ ಹೊಲದಲ್ಲಿ ಕಬ್ಬಿನ ಒಣ ಸೋಗೆಗೆ, ರವದಿಗೆ, ಬೆಂಕಿ ಹಚ್ಚಿದ್ದರು. ಅವಳು ಗಂಟನ್ನು ದರದರ ಎಳೆದುಕೊಂಡು ಹೋಗಿ ಅದರಲ್ಲಿ ಒಗೆದುಬಿಟ್ಟಿದ್ದಳು. ಕರಿ ಹೊಗೆ ಎದ್ದಿತ್ತು. "ಈಗ ಬಾ ನೋಡೂಣು, ಎಲ್ಲೈತಿ ಹೊಲಸ?" ಎಂದು ವಿಕ್ರಾಂತನಿಗೆ ಸವಾಲು ಹಾಕಿದ್ದಳು. ಅವ್ವನ ಕೆಲಸವನ್ನೂ ಒಂದಿಷ್ಟು ಹಗುರ ಮಾಡಿದೆ ಎಂದುಕೊಂಡಿದ್ದಳು.

ಈಗ ಅವ್ವ ಕಟ್ಟೆಯ ಕೆಳಗೆ ನೋಡಿದಳು. ಮಷೀನಿನ ಹಿಂದೆ ನೋಡಿದಳು. ಕಟ್ಟಿಗೆಯ ರಾಶಿ ಸರಿಸಿ ನೋಡಿದಳು.

"ನಾಯಿ ಎಳಕೊಂಡ ಹೋತೇನೋ" ಎಂದು ತನ್ನಷ್ಟಕ್ಕೇ ಅಂದಳು. ಬಡಿಗೆ ಹಿಡಿದು ತಿಪ್ಪೆಯ ಕಡೆಗೆ ಹೊರಟಳು.

ಸೀಮಾ ಬಾಗಿಲಲ್ಲಿ ನಿಂತು ನೋಡಿದಳು. ನೆತ್ತಿ ಸುಡುವ ಬಿಸಿಲು. ಅವ್ವ ಸೀರೆಯ ನಿರಿಗೆ ಎತ್ತಿ ಕಟ್ಟಿ ತಿಪ್ಪೆಯಲ್ಲಿ ಇಳಿದಿದ್ದಳು. ಬಡಿಗೆಯಿಂದ ಕಸ ಕೆದರುತ್ತಿದ್ದಳು, ಬಗ್ಗುತ್ತಿದ್ದಳು, ಮತ್ತೆ ಕೆದರುತ್ತಿದ್ದಳು. ಸಿಕ್ಕದ್ದು ಒಂದು ಹಳೆ ಚಪ್ಪಲಿ. ಅದನ್ನು ಎತ್ತಿ ನೋಡಿ, ಒಗೆದು, ಮತ್ತೆ ಕೆದರಿದಳು. ಒಬ್ಬರನ್ನೂ ಬೈಯಲಿಲ್ಲ.

ಬೈದಿದ್ದರೆ ಸೀಮಾ ಸುಮ್ಮನಿರುತ್ತಿದ್ದಳೋ ಏನೋ.

"ಅವ್ವಾ, ಮ್ಯಾಲ ಬಾ."

ಅವ್ವ ತಲೆ ಎತ್ತಿದಳು.

"ಅಲ್ಲಿಲ್ಲ ಅವು. ನಾನ... ನಾನ ಬೆಂಕ್ಯಾಗ ಒಗದ್ನಿ. ರವದಿ ಬೆಂಕ್ಯಾಗ."

"ಐದೂ?"

"ಹೂಂ. ಭಾಳ ನಾರತಿದ್ವು. ವಿಕ್ರಾಂತ ಆಡಿಕೊಂಡ. ನಂಗ ನಾಚಿಕಿ ಬಂತ."

ಅವ್ವ ಬಡಿಗೆಯನ್ನು ತಿಪ್ಪೆಗೇ ಚುಚ್ಚಿ ನಿಂತಳು. ಆಮೇಲೆ ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆದುಕೊಂಡಳು.

"ಅವ ಮಾಪ ಇದ್ವು" ಎಂದಳು ಮೆಲ್ಲಗೆ. "ಹಳೇದ ಮ್ಯಾಲಿಟ್ಟ ಹೊಸಾದ ಕತ್ತರಸೂದು. ಅಂದ್ರ ಸೀಟಿಗೆ ಸರಿ ಕುಂದ್ರತೈತಿ."

ಅದಕ್ಕೇ ಅವ್ವ ಒಂದೊಂದೇ ಹೊಲಿಗೆ ಬಿಚ್ಚಿದ್ದಳು!

"ನಾನೂ ನಿನಗ ಹೇಳಿರಲಿಲ್ಲ ಬಿಡ" ಎಂದಳು ಅವ್ವ. ಅಷ್ಟೇ ಹೇಳಿ ಟೇಪು, ಗೆರೆ ಎಳೆಯುವ ಖಡು, ಕತ್ತರಿ ತೆಗೆದುಕೊಂಡು ಹೊಳೆಯ ಕಡೆಗೆ ನಡೆದಳು.

ಬೋಟು ದಂಡೆಯ ಮೇಲೆ ಜಾಲಿ ಮರದ ನೆರಳಲ್ಲಿ ನಿಂತಿತ್ತು. ಎರಡು ಬದಿಗೂ ಎರಡೆರಡು ಉದ್ದ ಸೀಟು. ಅವುಗಳಿಗೆ ಅವ್ವ ಟೇಪು ಹಿಡಿದು ಅಳತೆ ತೆಗೆದಳು. ಸೀಮಾ ಟೇಪಿನ ತುದಿ ಹಿಡಿದಳು. ಶುಕ್ರವಾರ ಸಂಜೆಯ ಹೊತ್ತಿಗೆ ನಾಲ್ಕೂ ಕವರು ಹೊಲಿದು ಮುಗಿದವು. ನೀಲಿ ರೆಗ್ಜಿನ್ನು ಫಳಫಳ ಹೊಳೆಯುತ್ತಿತ್ತು. ಬಾಳು ಕಾಕಾ ಕೈಯಾಡಿಸಿ, "ವಾ ತಂಗೀ! ಇದರ ಮ್ಯಾಲ ಕುಂದ್ರಾಕ ಟಿಕೀಟ ಇಡಬೇಕ ನೋಡ" ಎಂದು ನಕ್ಕ.

ಆದರೆ ಐದನೆಯದು ಮೂತಿ ಸೀಟು. ಬೋಟಿನ ಮುಂದಿನ ಮೂತಿಯಲ್ಲಿ ಕೂರುವುದು. ಅಲ್ಲಿ ಬೋಟು ಕಿರಿದಾಗುತ್ತ, ಬಾಗುತ್ತ, ಮೇಲಕ್ಕೂ ಏಳುತ್ತದೆ. ಟೇಪು ಹಿಡಿದರೆ ಸಿಗುವ ಅಳತೆ ಅಲ್ಲ ಅದು.

ಶನಿವಾರ ಮುಂಜಾನೆ ಅವ್ವ ಅದನ್ನು ಅಂದಾಜಿನಲ್ಲಿ ಹೊಲಿದಳು. ಮೇಲಿನ ತುಂಡು ಸರಿಯಾಗಿ ಕೂತಿತು. ಬದಿಯ ಪಟ್ಟಿ ಮಾತ್ರ ಮುದುಕಿಯ ಗಲ್ಲದ ಹಾಗೆ ಸುಕ್ಕುಸುಕ್ಕಾಯಿತು. ಮೂಲೆಯಲ್ಲಿ ನಾಲ್ಕು ಬೆರಳಿನ ಸಂದು ಬಿಟ್ಟಿತು.

"ನಡೀತೈತಿ ಬಿಡವಾ" ಎಂದ ಕಾಕಾ.

"ನೀರ ಒಳಗ ಹೊಕ್ಕ ಮಳಿಗಾಲ ಮುಗಿಯೂದ್ರಾಗ ಕೊಳೀತೈತ್ರಿ ಅಣ್ಣಾ" ಎಂದಳು ಅವ್ವ. ಅಲ್ಲೇ ಕೂತು ಹೊಲಿದದ್ದನ್ನೆಲ್ಲ ಬಿಚ್ಚಿದಳು.

ರೆಗ್ಜಿನ್ನು ಇನ್ನೊಂದೇ ಪಟ್ಟಿಗೆ ಆಗುವಷ್ಟು ಉಳಿದಿತ್ತು. ಅದನ್ನು ತಂದದ್ದು ಅಥಣಿಯಿಂದ. ಮತ್ತೆ ಹೋಗಿ ತರೋಣವೆಂದರೆ ಇವತ್ತಿನ ಬಸ್ಸು ಹೋಗಿಯಾಗಿತ್ತು, ನಾಳೆ ರವಿವಾರ, ಆ ಅಂಗಡಿ ಬಂದ್. ಹೊಳೆಯೂ ಸುಮ್ಮನಿರಲಿಲ್ಲ. ನಿನ್ನೆ ಕಾಣುತ್ತಿದ್ದ ಬಾಂದಾರದ ಕಲ್ಲು ಇವತ್ತು ಕಾಣುತ್ತಿರಲಿಲ್ಲ.

ಅವ್ವ ಮೂತಿಯಲ್ಲಿ ಬರಿ ಹಲಗೆಯ ಮೇಲೆ ಹೋಗಿ ಕೂತಳು. ಬೋಟಿನ ಒಳಗೋಡೆಗೆ ಅಂಗೈ ಹಚ್ಚಿದಳು. ಹಾಗೇ ಇದ್ದಳು.

ಸೀಮಾ ಸ್ವಲ್ಪ ದೂರದಲ್ಲಿ ಕೂತು ಉಗುರು ಕಚ್ಚಿದಳು. ಅವ್ವನಿಗೆ ಸಿಟ್ಟು ಬಂದಿದೆ ಎನ್ನುವುದು ಖಾತ್ರಿ. ಎರಡು ದಿನದಿಂದ ಬಂದಿದೆ. ಒಂದು ಏಟು ಕೊಟ್ಟು ಮುಗಿಸಿದ್ದರೂ ಆಗುತ್ತಿತ್ತು. ಈ ಸುಮ್ಮನಿರುವುದಿದೆಯಲ್ಲ, ಇದನ್ನು ತಡೆದುಕೊಳ್ಳುವುದು ಹೇಗೆ?

"ಅವ್ವಾ, ನೀರ ತರಲ್ಯಾ?"

ಅವ್ವ ಗೋಡೆಯ ಮೇಲೆ ಬೆರಳೆಳೆಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಎದ್ದು, ಚಪ್ಪಲಿ ಮೆಟ್ಟಿ, ಮನೆಯ ಕಡೆಗೆ ಹೋಗಿಬಿಟ್ಟಳು.

ಸೀಮಾಳಿಗೆ ಅಳು ಬಂತು. ಅಳಲಿಲ್ಲ. ಹೋಗಿ ಅವ್ವ ಕೂತಿದ್ದ ಜಾಗದಲ್ಲೇ ಕೂತಳು. ಅವ್ವ ಅಂಗೈ ಹಚ್ಚಿದ್ದಲ್ಲೇ ತನ್ನ ಅಂಗೈ ಹಚ್ಚಿದಳು. ಬಿಸಿಲಿಗೆ ಫೈಬರು ಬೆಚ್ಚಗಿತ್ತು. ಮಾಡಲು ಬೇರೆ ಏನೂ ಇರಲಿಲ್ಲ. ಹಾಗಾಗಿ ಅದನ್ನೇ ನೋಡುತ್ತ ಕೂತಳು.

ಬೋಟಿನ ಹಿಂಬದಿಯಲ್ಲಿ ಬಾಳು ಕಾಕಾ ಬಣ್ಣದ ಡಬ್ಬಿ ತೆರೆದಿದ್ದ. "ನಿಮ್ಮವ್ವ ಬರೂದ್ರಾಗ ಒಳಗಿನ ಬಣ್ಣರ ಮುಗಸೂಣು" ಎನ್ನುತ್ತ ಬ್ರಷ್ಷು ಎಳೆಯುತ್ತ ಮುಂದೆ ಮುಂದೆ ಬಂದ. ಒಂದು ಬದಿ ಮುಗಿಯಿತು. ಇನ್ನೊಂದು ಬದಿಯೂ ಮುಗಿಯಿತು.

"ಏಳವಾ, ಇನ್ನ ಮೂತಿ ಒಂದ ಉಳೀತು."

ಸೀಮಾ ಏಳಲು ಹೋದಳು. ಏಳುತ್ತ ಇನ್ನೊಮ್ಮೆ ಗೋಡೆಯನ್ನು ನೋಡಿದಳು. ಮೇಲಿನ ಬಣ್ಣ ಬಿಸಿಲಿಗೆ ಬೆಳ್ಳಗೆ ಮಾಸಿತ್ತು. ಕೆಳಗಿನದು ಮಾತ್ರ ಇನ್ನೂ ಹಸಿರು, ಹೊಸದರಂತೆ ಗಾಢ ಹಸಿರು. ಎರಡರ ನಡುವೆ ಒಂದು ಗೆರೆ. ನೆಟ್ಟಗಿನ ಗೆರೆ ಅಲ್ಲ. ಹಿಂದೆ ಎತ್ತರವಾಗಿ ಸುರುವಾಗಿ, ಮೂತಿಯ ಹತ್ತಿರ ಬಾಗಿ ಇಳಿದು, ಮತ್ತೆ ಏರಿತ್ತು.

ಹಳೆ ಸೀಟು ಇಷ್ಟು ವರ್ಷ ಅಲ್ಲಿ ಕೂತಿತ್ತು. ಅದು ಮುಚ್ಚಿದ್ದಲ್ಲಿ ಬಿಸಿಲು ತಾಕಿರಲಿಲ್ಲ.

ಕಾಕಾನ ಬ್ರಷ್ಷು ಗೋಡೆಗೆ ಒಂದು ಗೇಣು ದೂರವಿತ್ತು.

"ಕಾಕಾ ನಿಂದರ್ರಿ! ಹಚ್ಚಬ್ಯಾಡ್ರಿ!"

ಸೀಮಾ ಎರಡೂ ಕೈ ಚಾಚಿ ಗೋಡೆಗೆ ಅಂಟಿಕೊಂಡಳು. ಕಾಕಾ ಹೌಹಾರಿದ. ಬ್ರಷ್ಷಿನ ಬಣ್ಣ ಅವನ ಮೀಸೆಗೇ ಸಿಡಿಯಿತು.

"ಯವ್ವಾ! ಏನಾತಬೇ ನಿನಗ? ಹಾಂವ ಬಂತೇನ?"

"ಇಲ್ರಿ! ಬಣ್ಣ ಹಚ್ಚಬ್ಯಾಡ್ರಿ ಇಲ್ಲಿ!"

ಅಷ್ಟರಲ್ಲಿ ಅವ್ವ ಬಂದಳು. ಅವಳ ಕಂಕುಳಲ್ಲಿ ಹಳೆ ಪೇಪರುಗಳ ಸುರುಳಿ ಇತ್ತು.

"ನೋಡ ಅಕ್ಕುತಾಯಿ, ನಿನ್ನ ಮಗಳ ಹಲ್ಲಿ ಆಗ್ಯಾಳ!" ಎಂದ ಕಾಕಾ ಮೀಸೆ ಒರೆಸಿಕೊಳ್ಳುತ್ತ.

"ಅವ್ವಾ, ಇಲ್ಲಿ ಹಳೇ ಸೀಟಿನ ಗೆರಿ ಐತಿ! ಕಾಕಾ ಅಳಸಾವ್ರ ಇದ್ರು!"

ಅವ್ವ ಸೀಮಾಳನ್ನು ನೋಡಿದಳು. ಕಂಕುಳಿನ ಪೇಪರು ತೆಗೆದು ಹಲಗೆಯ ಮೇಲೆ ಇಟ್ಟಳು.

"ಅದನ್ನ ಇಳಿಸಿಕೊಳ್ಳಾಕ ಪೇಪರ ತರಾಕ ಹೋಗಿದ್ನಿ. ಮುಂಜಾನಿಂದ ಅದನ್ನ ನೋಡಾಕತ್ತಿದ್ನೆಲ್ಲ."

"ಅಂದ್ರ... ನಿಂಗ ಸಿಟ್ಟ ಬಂದಿರಲಿಲ್ಲೇನ?"

"ಮದಲ ಬಂದಿತ್ತ" ಎಂದಳು ಅವ್ವ. "ಆಮ್ಯಾಲ ಕೆಲಸದಾಗ ಮರತ್ನಿ. ಹಿಡಿ, ಈ ತುದಿ ಹಿಡಿ. ಅಲಗಾಡಬ್ಯಾಡ."

ಸೀಮಾ ಪೇಪರನ್ನು ಗೋಡೆಗೆ ಒತ್ತಿ ಹಿಡಿದಳು. ಅವ್ವ ಪೇಪರಿನ ಅಂಚನ್ನು ಗೆರೆಯ ಗುಂಟ ಹೆಬ್ಬೆರಳಿನಿಂದ ಮಡಚುತ್ತ ತೀಡುತ್ತ ಬಂದಳು. ಅವಳ ಉಗುರಿನ ಹಿಂದೆಯೇ ಖಡು ಬರುತ್ತಿತ್ತು. ಒಮ್ಮೆಯೂ ತಡವರಿಸಲಿಲ್ಲ. ಕಾಕಾ ಕೂಡ ಬಾಯಿ ಮುಚ್ಚಿಕೊಂಡು ನಿಂತ. ಹೊಳೆಯ ನೀರು ದಂಡೆಗೆ ಬಡಿಯುವ ಸದ್ದು ಮಾತ್ರ. ಅವ್ವನ ಈ ಸುಮ್ಮನಿರುವಿಕೆಯ ಒಳಗೆ ಸೀಮಾ ಇಷ್ಟು ಹತ್ತಿರ ಎಂದೂ ನಿಂತಿರಲಿಲ್ಲ. ಅಲ್ಲಿ ಹೆದರಿಕೆಯಾಗುವಂಥದ್ದು ಏನೂ ಇರಲಿಲ್ಲ.

ಮನೆಗೆ ಬಂದು ಅವ್ವ ಉಳಿದ ರೆಗ್ಜಿನ್ನಿನ ಮೇಲೆ ಪೇಪರು ಹಾಸಿದಳು. ಕತ್ತರಿ ಬಾಯಿ ತೆರೆಯಿತು. ಸೀಮಾ ಕಣ್ಣು ಮುಚ್ಚಿದಳು. ಕರ್ ಕರ್ ಎಂದು ಕತ್ತರಿ ಓಡಿದ್ದು ಕೇಳಿತು. ಆಮೇಲೆ ಮಷೀನಿನ ಸದ್ದು.

ರವಿವಾರ ಮುಂಜಾನೆ ಮೂತಿ ಸೀಟನ್ನು ಕೂರಿಸಿದರು. ಅವ್ವ ಮೂಲೆಯನ್ನು ಮೊಣಕೈಯಿಂದ ಒಂದು ಸಲ ಒತ್ತಿದಳು. ಟಪ್ ಎಂದು ಸದ್ದಾಯಿತು. ಸುಕ್ಕಿಲ್ಲ. ಸಂದಿಲ್ಲ. ಸೀಮಾ ಬೆರಳು ತೂರಿಸಲು ನೋಡಿದಳು. ಉಗುರೂ ಹೋಗಲಿಲ್ಲ.

ಸೋಮವಾರ ಸಣ್ಣಗೆ ಮಳೆ ಹಿಡಿದಿತ್ತು. ಬಾಂದಾರ ಪೂರ್ತಿ ಮುಳುಗಿತ್ತು. ಹದಿನಾಲ್ಕು ಮಕ್ಕಳೂ ಲೈಫ್ ಜಾಕೆಟ್ ತೊಟ್ಟು ದಬದಬ ಬೋಟು ಹತ್ತಿದರು. ವಿಕ್ರಾಂತ ಎಲ್ಲರಿಗಿಂತ ಮೊದಲು ಓಡಿಬಂದು ಸೀಟಿನ ಮೇಲೆ ಎರಡು ಸಲ ಕುಪ್ಪಳಿಸಿದ.

"ಏ, ಮಸ್ತ ಐತಲೇ! ಸ್ಲೀಪರ್ ಕೋಚ್ ಬಸ್ಸ ಇದ್ದಂಗ ಐತಿ!"

ಆಚೆ ದಂಡೆಯ ಸಂತೆಗೆ ಮೆಂತ್ಯೆ ಸೊಪ್ಪು ಮಾರಲು ಹೊರಟ ಕೆಂಚವ್ವ ಆಯಿಯೂ ಬಂದಳು. ಮೂತಿ ಸೀಟು ಅವಳದು. ಊರಲ್ಲಿ ಇದು ಎಲ್ಲರಿಗೂ ಗೊತ್ತು. ಬುಟ್ಟಿ ಕಾಲಬುಡದಲ್ಲಿಟ್ಟು, ಸೆರಗು ಸರಿಮಾಡಿಕೊಂಡು, ಬೆನ್ನು ಬಾಗಿಸಿ ಮೂಲೆಗೆ ಒರಗಿದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಹೆಂಗೈತಿ ಆಯಿ, ಹೊಸಾ ಸೀಟ?" ಎಂದು ಕಾಕಾ ಕೇಳಿದ.

"ಯಾವುದಪಾ ಹೊಸಾದು?" ಎಂದಳು ಆಯಿ. "ಹೊಸಾದ ಮಾಡಸೇನಿ ಅಂತ ಊರ ತುಂಬ ಸಾರಿದಿ. ಇದರಾಗ ಏನೈತೋ ಬಾಳ್ಯಾ ಹೊಸಾದು? ಮದಲ ಹೆಂಗ ಕುಂದ್ರತಿದ್ನೋ ಹಂಗ ಕುಂತೇನಿ."

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಸೀಮಾಳ ಮೈ ಉರಿಯಿತು. ಆ ಒಂದು ಮೂಲೆಗೆ ಅವ್ವ ಎಷ್ಟು ಒದ್ದಾಡಿದ್ದಳು! ಹೇಳಿಬಿಡಬೇಕೆಂದು ಬಾಯಿ ತೆರೆದು, ದಂಡೆಯ ಮೇಲೆ ನಿಂತಿದ್ದ ಅವ್ವನ ಕಡೆ ನೋಡಿದಳು.

ಅವ್ವ ನಗುತ್ತಿದ್ದಳು. ಸೆರಗಿನ ತುದಿ ಬಾಯಿಗೆ ಹಿಡಿದು, ಮುಖ ಅರ್ಧ ಆಚೆಗೆ ತಿರುಗಿಸಿ, ಒಳಗೊಳಗೇ ನಗುತ್ತಿದ್ದಳು. ಬಾಳು ಕಾಕಾ ವಾ ಎಂದಾಗಲೂ ಅವಳು ಹೀಗೆ ನಕ್ಕಿರಲಿಲ್ಲ.

ಸೀಮಾ ಆಯಿಯನ್ನು ನೋಡಿದಳು. ಆಯಿಯ ಬಾಗಿದ ಬೆನ್ನು ಮೂಲೆಯಲ್ಲಿ ಬೆಚ್ಚಗೆ ಕೂತಿತ್ತು. ಅವಳು ಆಗಲೇ ಕಣ್ಣು ಮುಚ್ಚಿದ್ದಳು.

ಸೀಮಾ ಬಾಯಿ ಮುಚ್ಚಿದಳು. ಹೊಸದೆಂದು ಗೊತ್ತೇ ಆಗದ ಹಾಗೆ ಕೂರುವ ಸೀಟು, ಅವ್ವ ಇಷ್ಟು ದಿನ ಹುಡುಕಿದ್ದು ಇದನ್ನೇ.

ಇಂಜಿನ್ ಗುಡುಗುಟ್ಟಿತು. ಬೋಟು ದಂಡೆ ಬಿಟ್ಟಿತು. ಅವ್ವ ಕೈ ಬೀಸಲಿಲ್ಲ. ಮನೆಯಲ್ಲಿ ಯಾರದೋ ಟ್ರ್ಯಾಕ್ಟರಿನ ಸೀಟು ಕಾಯುತ್ತಿತ್ತು. ಅವಳು ತಿರುಗಿ ನಡೆದೇಬಿಟ್ಟಳು.

ನಡುಹೊಳೆಯಲ್ಲಿ ಮಳೆ ಜೋರಾಯಿತು. ಮಕ್ಕಳು ಕಿರುಚಿದರು. ಸೀಮಾಳ ಹೊಸ ಬ್ಯಾಗು ಪಕ್ಕದಲ್ಲಿ ಸೀಟಿನ ಮೇಲೆ ತೊಯ್ದು ತೊಟ್ಟಿಕ್ಕುತ್ತಿತ್ತು. ಅವಳು ಅದನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಲಂಗದ ಅಂಚಿನಿಂದ, ಹೊಲಿಗೆಯ ಗುಂಟ, ಸೀಟಿನ ನೀರು ಒರೆಸಿದಳು.